ಇಳಿಜಾರು ಚಾವಣಿಯ ಮಲಗುವ ಕೋಣೆ: ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಕಡೆ ಹಳೆ ಹಂಚಿನ ಮನೆಗಳು ಇನ್ನೂ ಉಳಿದಿವೆ. ಹುಬ್ಬಳ್ಳಿಯಲ್ಲಿ ತಾರಸಿ ಮೇಲೆ ತಗಡು ಹೊದಿಸಿ ಒಂದು ಕೋಣೆ ಎತ್ತುವವರು ಜಾಸ್ತಿ. ಹೊಸ ಬಡಾವಣೆಗಳಲ್ಲಿ ಆರ್‌ಸಿಸಿ ಸ್ಲ್ಯಾಬನ್ನೇ ಓರೆಯಾಗಿ ಹಾಕಿ, ಅದರ ಮೇಲೆ ಹಂಚು ಕೂರಿಸುತ್ತಾರೆ. ಮೂರೂ ಕಡೆ ತಕರಾರು ಒಂದೇ: ಚಾವಣಿ ಒಂದು ಬದಿಗೆ ಎತ್ತರ, ಇನ್ನೊಂದು ಬದಿಗೆ ತಲೆಗೆ ತಾಗುತ್ತದೆ. ಅಂಥ ಕೋಣೆಯನ್ನು ಚೆಂದ ಮಾಡಿಕೊಳ್ಳುವ ಬಗ್ಗೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಓರೆಯನ್ನು ಮುಚ್ಚಬೇಡಿ. ನೀರು ಮತ್ತು ಕಾವು ಎರಡನ್ನೂ ಮೊದಲು ಸರಿ ಮಾಡಿ, ಆಮೇಲೆ ಬಣ್ಣ, ಬಟ್ಟೆಗೆ ಕೈ ಹಾಕಿ.

ಕೋಣೆ ಖಾಲಿ ಇದೆ. ಎಲ್ಲಿಂದ ಶುರು ಮಾಡಬೇಕು?

ಟೇಪು ಮತ್ತು ಸೀಮೆಸುಣ್ಣದಿಂದ. ಚಾವಣಿ ಆರು ಅಡಿ ಎತ್ತರಕ್ಕೆ ಬರುವ ಜಾಗ ಯಾವುದು ಅಂತ ಅಳೆದು, ಅದರ ನೇರಕ್ಕೆ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಮನೆಯಲ್ಲಿ ಎತ್ತರದವರು ಇದ್ದರೆ ಆರೂವರೆ ಅಡಿಗೆ ಎಳೆಯಿರಿ. ಗೆರೆಯ ಒಳಗಡೆ ನಿಲ್ಲುವ, ಓಡಾಡುವ, ಬಟ್ಟೆ ಹಾಕಿಕೊಳ್ಳುವ ಜಾಗ. ಗೆರೆಯ ಆಚೆ ಕೂರುವ, ಮಲಗುವ, ಸಾಮಾನು ಇಡುವ ಜಾಗ. ಮುಂದಿನ ಎಲ್ಲ ತೀರ್ಮಾನಗಳೂ ಈ ಒಂದು ಗೆರೆಯಿಂದಲೇ ಹೊರಡುತ್ತವೆ.

ಹಂಚಿನ ಮನೆಗಳಲ್ಲಿ ಇಳಿಜಾರು ಹೆಚ್ಚುಕಡಿಮೆ 30 ಡಿಗ್ರಿ ಇರುತ್ತದೆ. ಆ ಲೆಕ್ಕದಲ್ಲಿ ಗೋಡೆಯಿಂದ ಒಂದು ಅಡಿ ಒಳಗೆ ಬಂದರೆ ಚಾವಣಿ ಸುಮಾರು ಏಳು ಇಂಚು ಏರುತ್ತದೆ. ಕೆಳಗಿನ ಗೋಡೆ ನಾಲ್ಕು ಅಡಿ ಇದ್ದರೆ, ಆರು ಅಡಿಯ ಗೆರೆ ಗೋಡೆಯಿಂದ ಮೂರೂವರೆ ಅಡಿ ಒಳಗೆ ಬೀಳುತ್ತದೆ. ತಗಡಿನ ಕೋಣೆಗಳಲ್ಲಿ ಓರೆ ಕಡಿಮೆ, ಹಾಗಾಗಿ ಈ ಲೆಕ್ಕ ಅಲ್ಲಿ ಬದಲಾಗುತ್ತದೆ. ಅಂದಾಜಿಗೆ ಬಿಡಬೇಡಿ, ಅಳೆಯಿರಿ.

ಸಮತಟ್ಟಾಗಿ ಫಾಲ್ಸ್ ಸೀಲಿಂಗ್ ಹಾಕಿಸಿಬಿಟ್ಟರೆ ಎಲ್ಲಾ ಸರಿ ಹೋಗಲ್ವಾ?

ಹೋಗಲ್ಲ. ಸಮತಟ್ಟು ಮಾಡಬೇಕಾದರೆ ಕೆಳಗಿನ ಬದಿಯ ಎತ್ತರಕ್ಕೇ ಇಡೀ ಚಾವಣಿಯನ್ನು ಇಳಿಸಬೇಕು. ಆಗ ಕೋಣೆಯ ಒಳ್ಳೆಯ ಭಾಗವಾದ ನಡುವಿನ ಎತ್ತರವೇ ಹೋಗುತ್ತದೆ. ಬಿಸಿ ಗಾಳಿ ಮೇಲೇರಿ ನಿಲ್ಲಲು ಇದ್ದ ಜಾಗವೂ ಹೋಗುತ್ತದೆ.

ಇನ್ನೊಂದು ಅಪಾಯ ಸೋರಿಕೆ. ಹಂಚು ಒಡೆದು ನೀರು ಬಂದರೆ ಮೊದಲು ಕಣ್ಣಿಗೆ ಕಾಣುತ್ತಿತ್ತು. ಜಿಪ್ಸಮ್ ಹಲಗೆ ಹಾಕಿದ ಮೇಲೆ ನೀರು ಅದರ ಬೆನ್ನ ಮೇಲೆ ನಿಲ್ಲುತ್ತದೆ. ಹಲಗೆ ಊದಿ, ಕಪ್ಪು ಕಲೆ ಬಂದಾಗಲೇ ನಿಮಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ತೊಲೆಯೂ ಹಸಿಯಾಗಿರುತ್ತದೆ. ಹಂಚಿನ ಮನೆಯಲ್ಲಿ ಜಿಪ್ಸಮ್ ಬೇಡ ಎಂದೇ ಹೇಳುತ್ತೇವೆ. ಓರೆ ಆರ್‌ಸಿಸಿ ಸ್ಲ್ಯಾಬು ಇದ್ದು, ಅದು ಸೋರುವುದಿಲ್ಲ ಅಂತ ಒಂದು ಮಳೆಗಾಲ ನೋಡಿದ್ದರೆ ಹಾಕಬಹುದು. ಅಲ್ಲೂ ಓರೆಯ ಉದ್ದಕ್ಕೇ ಹಾಕಿಸಿ.

ಹಂಚಿನ ಕೆಳಗೆ ಏನೂ ಇಲ್ಲ. ಕಸ, ಧೂಳು ಹಾಸಿಗೆ ಮೇಲೆ ಬೀಳುತ್ತದೆ. ಏನು ಮಾಡೋದು?

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಆ ಹಂಚು ನಮ್ಮ ಕಡೆಗೂ ಬಂತು. ಕೊಂಡಿಗಳ ಸಂದಿಯಲ್ಲಿ ಗಾಳಿ ಆಡುತ್ತದೆ. ಅದರಿಂದಲೇ ಹಂಚಿನ ಮನೆ ರಾತ್ರಿ ಬೇಗ ತಣ್ಣಗಾಗುತ್ತದೆ. ಆದರೆ ಅದೇ ಸಂದಿಯಿಂದ ಧೂಳೂ ಇಳಿಯುತ್ತದೆ. ಧೂಳು ತಡೆಯಬೇಕು, ಗಾಳಿ ಕೆಡಬಾರದು.

ನಮಗೆ ಇಷ್ಟವಾದ ದಾರಿ ಎಂದರೆ ಜಂತಿಗಳ ಕೆಳಮೈಗೆ, ಓರೆಯ ಉದ್ದಕ್ಕೂ, ತೆಳು ಮರದ ಪಟ್ಟಿ ಅಥವಾ ನೀರು ತಡೆಯುವ ಪ್ಲೈವುಡ್ ಹೊಡೆಸುವುದು. ಹಂಚಿಗೂ ಹಲಗೆಗೂ ನಡುವೆ ಮೂರು-ನಾಲ್ಕು ಇಂಚು ಬಿಡಿ. ಕೆಳಗೆ ಸೂರಿನ ಹತ್ತಿರ ಮತ್ತು ಮೇಲೆ ಎರಡು ಇಳಿಜಾರು ಕೂಡುವ ನೆತ್ತಿಯ ಹತ್ತಿರ ಸಂದಿ ಇರಲಿ. ಕಾದ ಗಾಳಿ ಕೆಳಗಿಂದ ಮೇಲಕ್ಕೆ ಹರಿದು ಹೊರಗೆ ಹೋಗುತ್ತದೆ. ಸಂದಿಗೆ ಸಣ್ಣ ಕಣ್ಣಿನ ಜಾಲರಿ ಹಾಕಲೇಬೇಕು, ಇಲ್ಲದಿದ್ದರೆ ಇಲಿ, ಬಾವಲಿ ಮನೆ ಮಾಡುತ್ತವೆ. ಒಂದೆರಡು ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವಂತೆ ಮಾಡಿಸಿ. ಸೋರಿದಾಗ ಒಳಗಿಂದಲೇ ನೋಡಬಹುದು.

ಖರ್ಚು ಬೇಡ ಅನ್ನುವವರು ಹಾಸಿಗೆಯ ಮೇಲಿನ ಭಾಗಕ್ಕಷ್ಟೇ ಬಟ್ಟೆ ಕಟ್ಟಬಹುದು. ಅಜ್ಜಿಯ ಕಾಲದ ಉದ್ದನೆಯ ಹತ್ತಿ ಸೀರೆ ಇದಕ್ಕೆ ಬಹಳ ಚೆಂದ. ಎರಡು ಬದಿಗೂ ಅಂಚು ಮಡಿಚಿ ಹೊಲಿದು, ಆ ಮಡಿಕೆಯೊಳಗೆ ತೆಳು ಕೋಲು ತೂರಿಸಿ, ಓರೆಗೆ ಸಮವಾಗಿ ಬಿಗಿಯಿರಿ. ತಿಂಗಳಿಗೊಮ್ಮೆ ಬಿಚ್ಚಿ ಒಗೆಯಬೇಕು. ಬಲ್ಬಿಗೆ, ಫ್ಯಾನಿಗೆ ಬಟ್ಟೆ ಹತ್ತಿರ ಬರಬಾರದು. ಈ ವಿಷಯದಲ್ಲಿ ಸಡಿಲ ಬಿಡಬೇಡಿ.

ಏಪ್ರಿಲ್, ಮೇ ಬಂದರೆ ಕೋಣೆಯಲ್ಲಿ ಮಲಗಲು ಆಗಲ್ಲ. ಅಲಂಕಾರ ಮಾಡಿ ಏನು ಪ್ರಯೋಜನ?

ಸರಿಯಾದ ಪ್ರಶ್ನೆ. ಧಗೆ ಇಳಿಸದೆ ಮಾಡಿದ ಅಲಂಕಾರ ಸುಮ್ನೆ ದುಡ್ಡು ದಂಡ.

ನಮ್ಮ ಊರಿನ ಬಿಸಿಲಿನ ಲೆಕ್ಕ ಹೀಗಿದೆ. ಹುಬ್ಬಳ್ಳಿ-ಧಾರವಾಡ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಶುರುವಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ 10ರ ಸುಮಾರಿನ ತನಕ ಮಧ್ಯಾಹ್ನದಲ್ಲಿ ತುಸು ಉತ್ತರಕ್ಕೇ ಇರುತ್ತಾನೆ. ಅಂದರೆ ಕಡು ಬೇಸಿಗೆಯಲ್ಲಿ ಕಾಯುವುದು ಗೋಡೆಗಿಂತ ಹೆಚ್ಚಾಗಿ ಚಾವಣಿ. ತೆಂಕಣ ಇಳಿಜಾರು, ಬಡಗಣ ಇಳಿಜಾರು ಎರಡೂ ಕಾಯುತ್ತವೆ. ಚಳಿಗಾಲದಲ್ಲಿ ಮಾತ್ರ ತೆಂಕಣ ಬದಿಗೆ ಬಿಸಿಲು ಜಾಸ್ತಿ. ಪಡುವಣ ಇಳಿಜಾರಿಗೆ ಸಂಜೆಯ ಬಿಸಿಲು ಬೀಳುತ್ತದೆ, ಅದರ ಕಾವು ಮಲಗುವ ಹೊತ್ತಿನ ತನಕ ಇಳಿಯುವುದಿಲ್ಲ. ಪಡುವಣ ಇಳಿಜಾರಿನ ಕೆಳಗೆ ಮಂಚ ಹಾಕಬೇಡಿ, ಕಪಾಟು ಹಾಕಿ.

ತಗಡಿನ ಕೋಣೆಗೆ ಮೊದಲ ಮದ್ದು ಮೇಲಿನ ಬಣ್ಣ. ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಪೇಂಟ್ ಅಂಗಡಿಗಳಲ್ಲಿ ಸಿಗುತ್ತದೆ. ಧೂಳು ಕೂತರೆ ಅದರ ಗುಣ ಕಡಿಮೆಯಾಗುತ್ತದೆ, ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯಿರಿ. ಎರಡನೆಯದು ಒಳಗಿನ ಪದರ. ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಫೋಮ್ ಶೀಟು ಸಿಗುತ್ತದೆ. ಅದನ್ನು ತಗಡಿಗೂ ಒಳಗಿನ ಹಲಗೆಗೂ ಮಧ್ಯೆ ಹಾಕುತ್ತಾರೆ. ಹೊಳೆಯುವ ಮೈಯ ಎದುರಿಗೆ ಒಂದಿಂಚಾದರೂ ಗಾಳಿಯ ಜಾಗ ಇರಬೇಕು. ಎರಡೂ ಕಡೆ ಒತ್ತಿ ಮುಚ್ಚಿದರೆ ಆ ಹೊಳಪಿನಿಂದ ಏನೂ ಲಾಭ ಇಲ್ಲ. ತಗಡಿನ ಮೇಲೆ ಮಳೆ ಬೀಳುವ ಸದ್ದೂ ಈ ಪದರದಿಂದ ತಗ್ಗುತ್ತದೆ.

ಥರ್ಮಾಕೋಲ್ ಹಾಳೆಯನ್ನು ಚಾವಣಿಗೆ ಅಂಟಿಸುವುದು ಅಗ್ಗದ ದಾರಿ. ದಯವಿಟ್ಟು ಬೇಡ. ಬೆಂಕಿ ತಗುಲಿದರೆ ಅದು ಕರಗಿ, ಉರಿಯುವ ಹನಿಯಾಗಿ ಕೆಳಗೆ ಬೀಳುತ್ತದೆ. ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗ ಇಲ್ಲ.

ಇನ್ನು ಗಾಳಿ. ಇಳಿಜಾರುಗಳ ಕೊನೆಗೆ ನೆತ್ತಿಯ ತನಕ ಏರುವ ತ್ರಿಕೋನದ ಗೋಡೆಯ ಮೇಲ್ತುದಿಯಲ್ಲಿ ಜಾಲಂದ್ರ ಇದ್ದರೆ ಅದನ್ನು ಮುಚ್ಚಬೇಡಿ. ಇಲ್ಲದಿದ್ದರೆ ಗೌಂಡಿಯವರನ್ನು ಕರೆಸಿ ತೆರೆಸಿ. ಒಂದು ಸಣ್ಣ ಎಕ್ಸಾಸ್ಟ್ ಫ್ಯಾನು ಅಲ್ಲಿ ಕೂತರೆ ಸಂಜೆ ಅರ್ಧ ಗಂಟೆಯಲ್ಲಿ ಮೇಲೆ ನಿಂತ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಎಸಿ ಹಾಕುವ ಯೋಚನೆ ಇದ್ದರೂ ಈ ಎಲ್ಲ ಕೆಲಸ ಮುಗಿದ ಮೇಲೆಯೇ ಹಾಕಿ.

ನಮ್ಮದು ಹಳೆ ಸಿಮೆಂಟ್ ಶೀಟಿನ ಚಾವಣಿ. ಲೈಟು ಹಾಕಲು ಕೊರೆಯಬಹುದಾ?

ಬೇಡ. ಹಳೆ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಕೊರೆದರೆ, ಗರಗಸ ಹಾಕಿದರೆ, ಒರಟು ಕಾಗದದಿಂದ ತಿಕ್ಕಿದರೆ ಅದರ ಎಳೆ ಗಾಳಿಗೆ ಬಂದು ಶ್ವಾಸಕೋಶ ಸೇರುತ್ತದೆ. ಕಾಯಿಲೆ ಎಷ್ಟೋ ವರ್ಷ ಆದ ಮೇಲೆ ತೋರುತ್ತದೆ. ಶೀಟು ಗಟ್ಟಿ ಇದ್ದರೆ ಹಾಗೇ ಬಿಟ್ಟು, ಕೆಳಗೆ ಗೋಡೆಯಿಂದ ಗೋಡೆಗೆ ಬೇರೆ ಚೌಕಟ್ಟು ಕಟ್ಟಿಸಿ ಅದಕ್ಕೆ ಹಲಗೆ, ಲೈಟು ಹಾಕಿ.

ಮಂಚ ಎಲ್ಲಿ ಹಾಕಬೇಕು?

ಇಬ್ಬರು ಮಲಗುವ ಮಂಚವಾದರೆ ತ್ರಿಕೋನದ ಗೋಡೆಗೆ ತಲೆಭಾಗ ಇಟ್ಟು, ನೆತ್ತಿಯ ನೇರ ಕೆಳಗೆ ಹಾಕಿ. ಆಗ ಎರಡೂ ಬದಿಯಿಂದ ತಲೆ ತಾಗದೆ ಏಳಬಹುದು. ಕಣ್ಣಿಗೂ ಅದೇ ಚೆಂದ. ಎರಡು ಕಡೆಯ ಇಳಿಜಾರು ಸಮವಾಗಿ ಇಳಿಯುವುದರಿಂದ ಮಂಚಕ್ಕೆ ತಾನಾಗಿಯೇ ಒಂದು ಚೌಕಟ್ಟು ಸಿಗುತ್ತದೆ.

ಜಾಗ ಇಲ್ಲದೆ ಕೆಳಗಿನ ಗೋಡೆಗೇ ತಲೆಭಾಗ ಬರಬೇಕಾದರೆ ಲೆಕ್ಕ ಹಾಕಿ. ಮಂಚ, ಗಾದಿ ಸೇರಿ ಒಂದೂವರೆ ಅಡಿಗೂ ಜಾಸ್ತಿ. ಅದರ ಮೇಲೆ ನೆಟ್ಟಗೆ ಕೂತರೆ ಇನ್ನು ಮೂರು ಅಡಿ. ಅಂದರೆ ತಲೆಭಾಗದಲ್ಲಿ ಚಾವಣಿ ಐದು ಅಡಿ ಇರಲೇಬೇಕು. ಗೋಡೆ ನಾಲ್ಕೇ ಅಡಿ ಇದ್ದರೆ ಮಂಚವನ್ನು ಎರಡು ಅಡಿ ಮುಂದಕ್ಕೆ ಎಳೆಯಿರಿ. ಹಿಂದೆ ಉಳಿದ ಜಾಗದಲ್ಲಿ ಮುಚ್ಚಳದ ಪೆಟ್ಟಿಗೆ ಮಾಡಿಸಿ, ಹೆಚ್ಚುವರಿ ಹಾಸಿಗೆ, ಕೌದಿ ಅದರೊಳಗೆ ಹೋಗುತ್ತವೆ. ಮುಚ್ಚಳದ ಮೇಲೆ ನೀರಿನ ತಂಬಿಗೆ, ಪುಸ್ತಕ, ಕನ್ನಡಕ.

ಮಕ್ಕಳ ಕೋಣೆಯಲ್ಲಿ ಮಂಚವೇ ಬೇಡ ಅನಿಸಿದರೆ ನೆಲದಿಂದ ಎಂಟು-ಹತ್ತು ಇಂಚಿನ ಹಲಗೆಯ ಮೇಲೆ ಗಾದಿ ಹಾಸಿ. ತಗ್ಗಿನ ಬದಿ ಮಕ್ಕಳಿಗೆ ಬಲು ಇಷ್ಟ.

ತೊಲೆ ಕೆಳಗೆ ಮಲಗಬಾರದು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಏನು ಮಾಡೋಣ?

ಅವರ ಮಾತು ನಡೆಸಿಕೊಡಿ. ಮಂಚ ಒಂದಡಿ ಸರಿಸಿದರೆ ಮುಗಿಯಿತು. ಹಳೆ ಮನೆಯಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಉಂಟು. ಹುಳ ತಿಂದ ತೊಲೆಯಿಂದ ನುಣ್ಣನೆ ಪುಡಿ ಬೀಳುವುದು ಅದರ ನೇರ ಕೆಳಗೇ. ಬೆಳಗ್ಗೆ ಎದ್ದಾಗ ಹೊದಿಕೆಯ ಮೇಲೆ ಅಂಥ ಪುಡಿ ಕಂಡರೆ ಬಡಗಿಯವರಿಗೆ ತೋರಿಸಿ. ಗೋಡೆಯಿಂದ ತೊಲೆಗೆ ಮಣ್ಣಿನ ಗೆರೆ ಹತ್ತಿದ್ದರೆ ಅದು ಗೆದ್ದಲು. ಎರಡಕ್ಕೂ ಔಷಧಿ ಬೇರೆ ಬೇರೆ. ಬಣ್ಣ ಬಳಿದು ಮುಚ್ಚುವ ಕೆಲಸ ಮಾತ್ರ ಮಾಡಬೇಡಿ.

ಮದುವೆಯಲ್ಲಿ ಬಂದ ದೊಡ್ಡ ಕಪಾಟು ಎಲ್ಲೂ ನಿಲ್ಲುತ್ತಿಲ್ಲ.

ಅದಕ್ಕೆ ಎತ್ತರದ ತ್ರಿಕೋನ ಗೋಡೆಯೊಂದೇ ಜಾಗ. ಅಲ್ಲಿ ಮಂಚ ಬಂದಿದ್ದರೆ ಕಪಾಟನ್ನು ಬೇರೆ ಕೋಣೆಗೆ ಕಳಿಸಿ. ಓರೆಯ ಕೆಳಗೆ ಅರ್ಧಕ್ಕೆ ತೂರಿಸಿ, ಹಿಂದೆ ಮೂರು ಅಡಿ ಸಂದಿ ಬಿಟ್ಟರೆ ಅದು ಇಲಿಗಳ ಪಾಲು.

ತಗ್ಗಿನ ಬದಿಯಲ್ಲಿ ಎರಡೂವರೆ-ಮೂರು ಅಡಿ ಎತ್ತರದ ಸಾಲು ಕಪಾಟು ಮಾಡಿಸಿ. ಬಾಗಿಲಿಗಿಂತ ಡ್ರಾಯರ್ ವಾಸಿ, ಬಗ್ಗಿ ಒಳಗೆ ತಲೆ ಹಾಕುವ ಕಷ್ಟ ತಪ್ಪುತ್ತದೆ. ಮನೆಯಲ್ಲಿ ಹಳೆ ಕಬ್ಬಿಣದ ಟ್ರಂಕುಗಳಿದ್ದರೆ ಉಜ್ಜಿ, ಒಂದೇ ಬಣ್ಣ ಬಳಿದು ಸಾಲಾಗಿ ಇಡಿ. ಮೇಲೆ ಗಾದಿ ಹಾಸಿದರೆ ಕೂರಲೂ ಆಯಿತು. ಸೀರೆ, ಶರ್ಟು ನೇತು ಹಾಕಲು ಮಾತ್ರ ಎತ್ತರ ಬೇಕು. ಅದಕ್ಕೆ ಗೆರೆಯ ಒಳಗೆ ಒಂದು ಕೋಲು ಸಾಕು.

ಯಾವ ಬಣ್ಣ ಹೊಡೆಸಲಿ?

ಸಣ್ಣ ಕೋಣೆಯಾದರೆ ಓರೆ ಚಾವಣಿಗೂ ಅದರ ಕೆಳಗಿನ ಗಿಡ್ಡ ಗೋಡೆಗೂ ಒಂದೇ ತಿಳಿ ಬಣ್ಣ. ಗೋಡೆ ಎಲ್ಲಿ ಮುಗಿಯಿತು, ಚಾವಣಿ ಎಲ್ಲಿ ಶುರುವಾಯಿತು ಅನ್ನುವ ಗೆರೆ ಮಾಯವಾದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಹಾಲು ಬಿಳುಪು ನಮ್ಮ ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಬಿಳಿಜೋಳದ ಹಿಟ್ಟಿನಂಥ ಮಾಸಲು ಬಿಳಿ ತಂಪು. ಗಾಢ ಬಣ್ಣದ ಆಸೆ ಇದ್ದರೆ ತ್ರಿಕೋನದ ಒಂದು ಗೋಡೆಗೆ ಮಾತ್ರ ಹಾಕಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಅಲ್ಲಿ ಬಹಳ ಒಪ್ಪುತ್ತದೆ.

ಸಾಗವಾನಿ ತೊಲೆ, ಜಂತಿ ಇದ್ದರೆ ಅದಕ್ಕೆ ಎನಾಮಲ್ ಹೊಡೆಸಬೇಡಿ. ಹಳೆ ಬಣ್ಣ ಉಜ್ಜಿ ತೆಗೆಸಿ, ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಒರೆಸಿ. ಮರದ ಎಳೆ ಎದ್ದು ಕಾಣುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿ ಎಸೆಯಿರಿ.

ಫ್ಯಾನ್ ಹಾಕುವುದು ಹೇಗೆ?

ತೊಲೆಗೇ ಕೊಂಡಿ ಹಾಕಿ. ಹಂಚು ಕೂತಿರುವ ತೆಳು ರೀಪಿಗೆ ಎಂದೂ ಬೇಡ. ನೆತ್ತಿಯಿಂದ ಇಳಿಬಿಟ್ಟರೆ ಉದ್ದ ರಾಡು ಸಾಕು. ಓರೆಯ ನಡುವೆ ಹಾಕಬೇಕಾದರೆ ಹುಷಾರು. 1200 ಮಿಲಿಮೀಟರ್ ಫ್ಯಾನಿನ ರೆಕ್ಕೆ ನಡುವಿನಿಂದ ಎರಡು ಅಡಿ ಚಾಚುತ್ತದೆ. 30 ಡಿಗ್ರಿ ಓರೆಯಲ್ಲಿ ಅಷ್ಟರಲ್ಲಿ ಚಾವಣಿ 14 ಇಂಚು ಇಳಿದಿರುತ್ತದೆ. ಅದರ ಮೇಲೆ ಒಂದಡಿಯಾದರೂ ಸಂದಿ ಬೇಕು. ಹಾಗಾಗಿ ರಾಡು 26 ಇಂಚಿಗೆ ಕಡಿಮೆ ಇರಬಾರದು. ರೆಕ್ಕೆ ನೆಲದಿಂದ ಎಂಟು ಅಡಿ ಎತ್ತರದಲ್ಲಿ ಉಳಿಯದಿದ್ದರೆ ಸೀಲಿಂಗ್ ಫ್ಯಾನ್ ಆಸೆ ಬಿಟ್ಟು ಗೋಡೆ ಫ್ಯಾನು ಹಾಕಿ. ತೊಲೆಯ ವೈರನ್ನು ಪೈಪಿನೊಳಗೇ ಎಳೆಸಿ, ಇಲಿ ಕಡಿಯುತ್ತದೆ.

ಕೋಣೆ ಕತ್ತಲು. ಬೆಳಕು ಬರಲು ಏನು ದಾರಿ?

ಹಗಲಿಗೆ ಗಾಜಿನ ಹಂಚು. ಅದೇ ಅಳತೆಯ ಗಾಜಿನ ಹಂಚನ್ನು ಒಂದು ಹಂಚು ತೆಗೆದು ಅದರ ಜಾಗಕ್ಕೆ ಕೂರಿಸುತ್ತಾರೆ. ಒಂದೆರಡು ಸಾಕು. ಬಡಗಣ ಇಳಿಜಾರಿಗೆ ಹಾಕಿಸಿ, ವರ್ಷದ ಬಹುಪಾಲು ನೇರ ಬಿಸಿಲು ಕಡಿಮೆ ಇರುತ್ತದೆ. ಹಾಸಿಗೆಯ ನೇರ ಮೇಲೆ ಮಾತ್ರ ಬೇಡ. ಬೆಳಗಿನ ನಿದ್ದೆಯೂ ಕೆಡುತ್ತದೆ, ಗಾಜು ಒಡೆದರೆ ಅಪಾಯವೂ ಹೌದು.

ರಾತ್ರಿಗೆ ನಡುವೆ ಒಂದು ಟ್ಯೂಬ್‌ಲೈಟು ಹಾಕಿ ಸುಮ್ಮನಾದರೆ ತಗ್ಗಿನ ಬದಿ ಕತ್ತಲಲ್ಲೇ ಉಳಿಯುತ್ತದೆ. ಗಿಡ್ಡ ಗೋಡೆಯ ಮೇಲೆ ಮುಖ ಮೇಲೆ ಮಾಡಿದ ಎರಡು ಸಣ್ಣ ದೀಪ ಹಾಕಿ. ಬೆಳಕು ಓರೆಯ ಮೇಲೆ ಹರಿದು ಕೋಣೆಗೆಲ್ಲ ಹಬ್ಬುತ್ತದೆ. ಓರೆ ಚಾವಣಿ ಸಾರ್ಥಕವಾಗುವುದು ಈ ದೀಪದಲ್ಲೇ.

ಸೊಳ್ಳೆ ಪರದೆ ಕಟ್ಟಲು ನಾಲ್ಕು ಮೂಲೆಯೂ ಸಮ ಇಲ್ಲವಲ್ಲ?

ಒಂದೇ ಕೊಂಡಿಯಿಂದ ಇಳಿಬೀಳುವ ದುಂಡು ಪರದೆ ತನ್ನಿ. ತೊಲೆಗೆ ಒಂದು ಕೊಂಡಿ ಸಾಕು.

ನಮ್ಮ ಭಾಗದ ಬಟ್ಟೆಗಳನ್ನೇ ಬಳಸಬೇಕು ಅಂತ ಆಸೆ. ಏನೇನು ಒಪ್ಪುತ್ತದೆ?

ಇದು ನಮಗೆ ತುಂಬಾ ಇಷ್ಟದ ಪ್ರಶ್ನೆ. ಓರೆ ಚಾವಣಿಯ ಕೋಣೆಯಲ್ಲಿ ಗೋಡೆ ಕಡಿಮೆ. ಹಾಗಾಗಿ ಬಣ್ಣ, ಚಿತ್ತಾರ ಎಲ್ಲ ನೆಲದ ಮೇಲೆ, ಹಾಸಿಗೆಯ ಮೇಲೆ ಬರಬೇಕು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ನವಲಗುಂದದ ಜಮಖಾನ ಇದೆ. ಹೆಣ್ಣುಮಕ್ಕಳು ಮನೆಯ ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯುತ್ತಾರೆ. ಚೌಕ, ಗೆರೆ, ನವಿಲಿನ ಚಿತ್ತಾರ, ಗಟ್ಟಿ ಬಣ್ಣ. ಭೌಗೋಳಿಕ ಗುರುತು (ಜಿಐ) ಸಿಕ್ಕ ಕಸುಬು ಇದು. ನೇಯುವವರು ಈಗ ಬಹಳ ಕಡಿಮೆ. ಒಂದು ಜಮಖಾನ ಕೊಂಡರೆ ಒಂದು ಮಗ್ಗಕ್ಕೆ ಕೆಲಸ ಸಿಗುತ್ತದೆ. ಮಂಚದ ಮುಂದೆ, ಗೆರೆಯ ಒಳಗಿನ ಜಾಗಕ್ಕೆ ಅದನ್ನು ಹಾಸಿ. ನೆಲ ಒರೆಸುವಾಗ ಒದ್ದೆ ತಾಗದಂತೆ ನೋಡಿಕೊಳ್ಳಿ.

ಹಾಸಿಗೆಗೆ ಕೌದಿ. ಹಳೆ ಸೀರೆ, ಧೋತರದ ತುಂಡು ಸೇರಿಸಿ ಹೊಲಿದ ಕೌದಿ ಎಷ್ಟು ಬಣ್ಣ ತುಂಬಿಕೊಂಡಿರುತ್ತದೆ ಅಂದರೆ, ಅದೊಂದಿದ್ದರೆ ಕೋಣೆಯಲ್ಲಿ ಬೇರೆ ಚಿತ್ತಾರ ಬೇಡ. ದಿಂಬಿನ ಚೀಲಕ್ಕೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ತನ್ನಿ. ಖಣದ ಅಗಲ ಕಡಿಮೆ, ದಿಂಬಿಗೆ ಸರಿ, ಪರದೆಗೆ ಸಾಲದು. ಪರದೆಗೆ ಖಾದಿ ಹಾಕಿ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ನಮ್ಮ ಹುಬ್ಬಳ್ಳಿಯಲ್ಲೇ ಇರುವಾಗ ಖಾದಿಗೆ ಬೇರೆ ಊರು ಯಾಕೆ?

ಕಸೂತಿ ಬಲ್ಲವರು ಮನೆಯಲ್ಲಿದ್ದರೆ ಪರದೆಯ ಅಂಚಿಗೆ ಗೋಪುರ, ತೇರು, ಆನೆ ಹಾಕಿಸಿ. ಗವಂತಿ, ಮುರಗಿ ಹೊಲಿಗೆ ಎರಡೂ ಬದಿಗೆ ಒಂದೇ ತರಹ ಕಾಣುತ್ತವೆ. ಕಿಟಕಿಯ ಒಳಗಿನಿಂದಲೂ ಹೊರಗಿನಿಂದಲೂ ಚೆಂದ. ಹಳೆ ಕಸೂತಿ ಸೀರೆಯನ್ನು ಮಾತ್ರ ಕತ್ತರಿಸಬೇಡಿ, ಬಿಸಿಲಿಗೂ ಕಟ್ಟಬೇಡಿ.

ಫೋಟೋ, ಕನ್ನಡಿ ಎಲ್ಲಿ ಹಾಕುವುದು?

ನೆಟ್ಟಗಿನ ಗೋಡೆಗೆ ಮಾತ್ರ. ಓರೆಗೆ ಮೊಳೆ ಹೊಡೆದರೆ ಚೌಕಟ್ಟು ಮುಂದಕ್ಕೆ ಜೋತುಬೀಳುತ್ತದೆ. ಕನ್ನಡಿಯನ್ನು ಕಿಟಕಿಯ ಎದುರಿಗೆ, ಎತ್ತರದ ಜಾಗದಲ್ಲಿ ಹಾಕಿ. ಗಿಡ್ಡ ಗೋಡೆಯ ಮೇಲೆ ಸಣ್ಣ ಚಿತ್ರಗಳನ್ನು, ಕೂತಾಗ ಕಣ್ಣಿಗೆ ಬರುವ ಎತ್ತರದಲ್ಲಿ ಸಾಲಾಗಿ ಹಾಕಬಹುದು.

ಓರೆಯಲ್ಲೇ ಕಿಟಕಿ ಇದೆ. ಪರದೆ ಗಾಳಿಯಲ್ಲಿ ತೂಗಾಡುತ್ತದೆ.

ಮೇಲೊಂದು ಕೋಲು, ಕೆಳಗೊಂದು ಕೋಲು. ಪರದೆಗೆ ಎರಡೂ ಕಡೆ ಅಂಚು ಮಡಿಚಿ ಹೊಲಿದು ಎರಡು ಕೋಲಿಗೂ ಪೋಣಿಸಿ.

ಬಾಡಿಗೆ ಮನೆ. ಮೊಳೆ ಹೊಡೆಯುವಂತಿಲ್ಲ.

ಜಂತಿಗೆ ಹಗ್ಗ ಸುತ್ತಿ ಕಟ್ಟಬಹುದು, ಮೊಳೆ ಬೇಡ. ಬಟ್ಟೆ, ಪರದೆ, ಹಗುರ ದೀಪ ಎಲ್ಲ ಹೀಗೇ ನಿಲ್ಲುತ್ತವೆ. ಉಳಿದಂತೆ ಜಮಖಾನ, ಟ್ರಂಕು, ನೆಲದ ದೀಪ. ಖಾಲಿ ಮಾಡುವಾಗ ಎಲ್ಲ ನಿಮ್ಮ ಜೊತೆಗೇ ಬರುತ್ತವೆ.

ಮಂಗಗಳು ಹಂಚು ಸರಿಸಿ ಹೋಗುತ್ತವೆ. ಅಷ್ಟು ಖರ್ಚು ಮಾಡಿ ಸೋರಿದರೆ?

ಧಾರವಾಡದಲ್ಲಿ ಈ ಕಾಟ ಇದ್ದದ್ದೇ. ಹಂಚಿನ ಮೈ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದನ್ನು ಬರೆದುಕೊಂಡು ಅದೇ ಅಚ್ಚಿನ ಹಂಚು ಹತ್ತಿಪ್ಪತ್ತು ತಂದಿಡಿ. ಬೇರೆ ಕಾರ್ಖಾನೆಯ ಹಂಚು ಕೊಂಡಿಗೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ನೀರು ಬರುತ್ತದೆ. ಹಳೆ ಮನೆ ಕೆಡವುವ ಕಡೆ ವಿಚಾರಿಸಿದರೆ ಸಿಗುತ್ತವೆ.

ಕೆಲಸ ಯಾವಾಗ ಶುರು ಮಾಡಿದರೆ ಒಳ್ಳೆಯದು?

ಹಂಚು ಬಿಚ್ಚುವ ಕೆಲಸ ಫೆಬ್ರುವರಿಯಲ್ಲಿ ಹಿಡಿಯಿರಿ. ಮುಂಗಾರಿಗೆ ಮೊದಲು ಬರುವ ಅಡ್ಡಮಳೆ ಶುರುವಾಗುವ ಮುಂಚೆ ಮುಗಿಯಬೇಕು. ಆ ಮಳೆಯೇ ನಿಮಗೆ ಪರೀಕ್ಷೆ, ಎಲ್ಲಿ ಸೋರುತ್ತದೆ ಅಂತ ತೋರಿಸಿಕೊಡುತ್ತದೆ. ಅದನ್ನು ಮಿರಗ (ಜೂನ್ ಶುರುವಿನ ಮೃಗಶಿರಾ ಮಳೆ) ಕೂಡುವುದರೊಳಗೆ ಸರಿ ಮಾಡಿಸಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಆ ಬದಿಯ ಹಂಚು ಮತ್ತು ತ್ರಿಕೋನ ಗೋಡೆಯನ್ನು ಇನ್ನೊಮ್ಮೆ ನೋಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗೋಡೆ ವಾರಗಟ್ಟಲೆ ಒಣಗುವುದಿಲ್ಲ, ಆಗ ಬಣ್ಣ ಹೊಡೆಸಿದರೆ ಪೊರೆ ಏಳುತ್ತದೆ. ಒಳಗಿನ ಹಲಗೆ ಮತ್ತು ಬಣ್ಣವನ್ನು ದಸರಾ ಮುಗಿದು ಗೋಡೆ ಒಣಗಿದ ಮೇಲೆ ಇಟ್ಟುಕೊಳ್ಳಿ. ಗದಗ, ಮುಂಡರಗಿ ಕಡೆಯವರಿಗೆ ಮಳೆ ಕಡಿಮೆ, ಅವರು ಶ್ರಾವಣದಲ್ಲೇ ಬಿಸಿಲು ನೋಡಿಕೊಂಡು ಶುರು ಮಾಡಬಹುದು.